ಪಟ್ಟಿ, ನಿಧಿ, ನಿಯಮ

ಕನ್ನಡದಲ್ಲಿ ‘ಬೇಡಿಕೆ’ ಎಂಬ ಮಾತಿಗೆ ಇಂದು ಇರುವ ಠೀವಿ ಹಿಂದೆ ಇದ್ದಿರಲಾರದು. ಬೇಡುವವನು ಯಾಚಕ, ನೀಡುವವನು ದಾತ. ಇವರಿಬ್ಬರ ನಡುವಣ ವ್ಯವಹಾರದಲ್ಲಿ ದಯೆಗೆ ಎಡೆಯುಂಟೇ ಹೊರತು ಹಕ್ಕಿಗೆ ಎಡೆಯಿಲ್ಲ. ಕೊಟ್ಟರೆ ಕೊಟ್ಟವನ ಪುಣ್ಯ, ಕೊಡದಿದ್ದರೆ ಬೇಡಿದವನ ಹಣೆಬರಹ. ಆದರೆ ಕಾರ್ಖಾನೆಯೊಂದರ ಕೆಲಸಗಾರರು ತಮ್ಮ ಬೇಡಿಕೆಗಳನ್ನು ಮಾಲೀಕರ ಮುಂದಿಟ್ಟರೆಂದು ಪತ್ರಿಕೆಯಲ್ಲಿ ಓದುವಾಗ ನಮಗಾರಿಗೂ ಭಿಕ್ಷಾಪಾತ್ರೆಯ ನೆನಪಾಗುವುದಿಲ್ಲ. ಹಟ, ಮೊಂಡುತನ ಎಂಬ ಹೀನಾರ್ಥವನ್ನು ಹೊತ್ತಿದ್ದ ‘ಮುಷ್ಕರ’ವೂ ಹೀಗೆಯೇ ಗೌರವಕ್ಕೆ ಏರಿದ ಶಬ್ದ. ಮಾತುಗಳು ತಾವಾಗಿ ಅರ್ಥವನ್ನು ಬದಲಿಸಿಕೊಳ್ಳುವುದಿಲ್ಲ. ಅವನ್ನಾಡುವ ಜನರ ಬಾಳು ಬದಲಾದಾಗ ಅವು ಹಿಂದಿನಿಂದ ನಡೆದುಬರುತ್ತವೆ. ನಮ್ಮ ದೇಶದ ಕೂಲಿಕಾರನು ಬೇಡುವವನ ನಿಲುವನ್ನು ಬಿಟ್ಟು ಕೇಳುವವನ ನಿಲುವಿಗೆ ಬರಲು ಸುಮಾರು ಅರ್ಧ ಶತಮಾನ ಹಿಡಿಯಿತು. ಮುಂಬಯಿಯ ಗಿರಣಿಗಳಲ್ಲಿ ಮೊದಲಾಗಿ ಮದರಾಸಿನ ಪೆರಂಬೂರಿನಲ್ಲಿ ಪೆಟ್ಟು ತಿಂದು 1926ರ ಶಾಸನದಲ್ಲಿ ಒಂದು ನೆಲೆಯನ್ನು ಕಂಡ ಆ ಪ್ರಯಾಣದ ವೃತ್ತಾಂತವನ್ನು ಇಲ್ಲಿ ಸ್ಥೂಲವಾಗಿ ನಿರೂಪಿಸಬೇಕೆಂದಿದ್ದೇನೆ.

ಕಸುಬಿನವರು ಕೂಡಿಕೊಳ್ಳುವ ಪದ್ಧತಿ ನಮ್ಮ ದೇಶಕ್ಕೆ ಹೊಸದೆಂದು ಹೇಳಲಾಗದು. ಲಾಟದೇಶದಿಂದ ದಶಪುರಕ್ಕೆ, ಎಂದರೆ ಈಗಿನ ಮಂದಸೋರಿಗೆ, ವಲಸೆ ಬಂದ ಪಟ್ಟೆ ನೆಯ್ಗೆಯವರ ಶ್ರೇಣಿಯೊಂದು ಕ್ರಿಸ್ತಶಕ ಐದನೆಯ ಶತಮಾನದಲ್ಲಿ ಸೂರ್ಯದೇವಾಲಯವನ್ನು ಕಟ್ಟಿಸಿ, ಮುಂದೆ ಅದು ಶಿಥಿಲವಾದಾಗ ಜೀರ್ಣೋದ್ಧಾರ ಮಾಡಿಸಿದ ಸಂಗತಿಯನ್ನು ಶಾಸನವೇ ಸಾರುತ್ತದೆ. ನಮ್ಮ ಐಹೊಳೆಯ ಹೆಸರನ್ನು ಹೊತ್ತ ಅಯ್ಯಾವೊಳೆ ಐನೂರ್ವರ ವರ್ತಕಸಂಘವಾದರೋ ಕಡಲಾಚೆಯ ದ್ವೀಪಗಳವರೆಗೆ ಕೈ ಚಾಚಿತ್ತು. ಆದರೆ ಇಂಥ ಸಂಘಗಳ ಸದಸ್ಯನಿಗೂ ಗಿರಣಿಯ ಕೂಲಿಗೂ ಇರುವ ಅಂತರವನ್ನು ಮರೆಯಬಾರದು. ಶ್ರೇಣಿಯ ನೇಕಾರನು ತನ್ನ ಮಗ್ಗಕ್ಕೆ ತಾನೇ ಒಡೆಯ. ನೂಲು ಅವನದು, ಬಟ್ಟೆ ಅವನದು, ಬೆಲೆ ಕಟ್ಟುವ ಮಾತಿನಲ್ಲಿ ಅವನಿಗೂ ಒಂದು ಪಾಲು. ಅಂಥವನಿಗೂ ರಾಜಧರ್ಮವು ಪೂರ್ಣ ಸ್ವಾತಂತ್ರ್ಯವನ್ನು ಕೊಟ್ಟಿರಲಿಲ್ಲವೆಂಬುದಕ್ಕೆ, ಕುಶಲಕರ್ಮಿಗಳು ಒಟ್ಟುಗೂಡಿ ಬೆಲೆಯನ್ನು ತಮಗೆ ಬೇಕಾದಂತೆ ಏರುಪೇರು ಮಾಡಿದರೆ ದಂಡನೆಗೆ ಗುರಿಯಾಗತಕ್ಕದ್ದೆಂದು ಯಾಜ್ಞವಲ್ಕ್ಯ ಸ್ಮೃತಿಯು ವಿಧಿಸಿರುವುದೇ ಸಾಕ್ಷಿ. ಇನ್ನು ತನ್ನ ಎರಡು ತೋಳುಗಳ ಹೊರತು ಬೇರೆ ಬಂಡವಾಳವಿಲ್ಲದೆ, ದಿನದ ಹೊತ್ತನ್ನೇ ಮಾರಿಕೊಂಡು ಬದುಕಬೇಕಾದ ಸಾವಿರಾರು ಜನ ಒಂದೇ ಸೂರಿನಡಿ ಸೇರುವುದು ಉಗಿಯಂತ್ರವು ಬಂದ ಬಳಿಕವೇ ಕಾಣಬಂದ ನೋಟ.

ಆ ನೋಟವು ಮೊದಲು ಕಂಡುಬಂದುದು ಮುಂಬಯಿಯಲ್ಲಿ. ಕಾವಸಜಿ ದಾವರ್ ಎಂಬ ಪಾರಸಿ ವರ್ತಕನು 1854ರಲ್ಲಿ ಆರಂಭಿಸಿದ ನೂಲಿನ ಕಂಪನಿಯ ಹಿಂದೆಯೇ ಒಂದಾದ ಮೇಲೊಂದು ಹೊಗೆಗೊಳವೆಗಳು ಎದ್ದು ನಿಂತವು. ರತ್ನಾಗಿರಿ, ಸಾತಾರಾ ಮೊದಲಾದ ಕಡೆಗಳಿಂದ ಹೊಲವು ಹೊಟ್ಟೆಗೆ ಸಾಲದ ರೈತಾಪಿ ಜನ ಹಡಗು ಹತ್ತಿಯೋ ಘಟ್ಟವಿಳಿದೋ ನಗರಕ್ಕೆ ಬಂದು ಗಿರಣಿಯ ಬಾಗಿಲಲ್ಲಿ ನಿಂತರು. ಅವರನ್ನು ಒಳಗೆ ಕರೆದುಕೊಳ್ಳುವವನು ಮಾಲೀಕನಲ್ಲ, ಮುಕಾದಮ. ಕೆಲಸ ಕೊಡಿಸುವವನೂ ಅವನೇ, ತಪ್ಪಿಸುವವನೂ ಅವನೇ. ಕೈಬಿಸಿ ಮಾಡದವನಿಗೆ ಮರುದಿನ ಯಂತ್ರದ ಬಳಿ ಜಾಗವಿಲ್ಲ. ದುಡಿಮೆಯ ಹೊತ್ತಿಗೆ ಗಡಿಯಾರದ ಹಂಗಿರಲಿಲ್ಲ: ಸೂರ್ಯ ಹುಟ್ಟಿದಾಗ ಯಂತ್ರ ತಿರುಗತೊಡಗಿದರೆ ಮುಳುಗಿದಾಗ ನಿಲ್ಲುತ್ತಿತ್ತು, ಹೊಲದಲ್ಲಿ ದುಡಿಯುವ ರೈತನೂ ಹಾಗೆಯೇ ದುಡಿಯುತ್ತಿದ್ದನಲ್ಲವೇ ಎಂದು ಕೇಳುವವರು, ರೈತನಿಗೆ ಮರದ ನೆರಳಿಗೆ ಹೋಗಿ ಕೂಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲವೆಂಬುದನ್ನು ನೆನೆಯಬೇಕು. ಪಗಾರವು ತಿಂಗಳು ಮುಗಿದ ಕೂಡಲೇ ಕೈಗೆ ಬರುತ್ತಿರಲಿಲ್ಲ. ಬಾಕಿಯನ್ನು ಹಿಡಿದಿಟ್ಟುಕೊಳ್ಳುವುದೇ ಕೆಲಸಗಾರನನ್ನು ಹಿಡಿದಿಟ್ಟುಕೊಳ್ಳುವ ಉಪಾಯವಾಗಿತ್ತು.

ಸರಕಾರದ ಕಣ್ಣು ಇತ್ತ ತಿರುಗಿದುದರ ಹಿಂದೆ ಕರುಣೆಯೂ ಇತ್ತು, ಸ್ವಾರ್ಥವೂ ಇತ್ತು. ಸೊರಾಬಜಿ ಶಾಪೂರಜಿ ಬಂಗಾಲಿಯವರಂಥ ಸಹೃದಯರು ಇಲ್ಲಿ ಕಾನೂನಿಗಾಗಿ ವಾದಿಸುತ್ತಿದ್ದರೆ, ಅಗ್ಗದ ಕೂಲಿಯಿಂದ ನೆಯ್ದ ಮುಂಬಯಿಯ ಬಟ್ಟೆ ತಮ್ಮ ಮಾರುಕಟ್ಟೆಯನ್ನು ಕಸಿಯುವುದೆಂದು ಅಂಜಿದ ಇಂಗ್ಲೆಂಡಿನ ಲ್ಯಾಂಕಶೈರಿನ ಗಿರಣಿದಾರರು ಅಲ್ಲಿಂದ ಅದೇ ಕಾನೂನಿಗಾಗಿ ಒತ್ತಾಯಿಸುತ್ತಿದ್ದರು. ಈ ವಿಚಿತ್ರ ಸಂಯೋಗದ ಫಲವಾಗಿ 1875ರಲ್ಲಿ ಒಂದು ವಿಚಾರಣಾ ಆಯೋಗವೂ 1881ರಲ್ಲಿ ಮೊದಲ ಕಾರ್ಖಾನೆ ಶಾಸನವೂ ಬಂದವು. ಏಳು ವರ್ಷ ತುಂಬದ ಮಕ್ಕಳನ್ನು ಕೆಲಸಕ್ಕೆ ಹಚ್ಚಬಾರದು, ಏಳರಿಂದ ಹನ್ನೆರಡರವರೆಗಿನವರಿಂದ ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂಬುದೇ ಅದರ ಸಾರ. ವಯಸ್ಕರಾದ ಗಂಡಸರಿಗಾಗಲಿ ಹೆಂಗಸರಿಗಾಗಲಿ ಅದು ಯಾವ ಮಿತಿಯನ್ನೂ ಹಾಕಲಿಲ್ಲ. ಏಳು ವರ್ಷದ ಮಗು ಒಂಬತ್ತು ಗಂಟೆ ದುಡಿಯುವುದನ್ನು ಸುಧಾರಣೆಯೆಂದು ಕರೆಯಬೇಕಾದ ಕಾಲವದು.

ಇಂಥ ಕಾಲದಲ್ಲಿ ಗಿರಣಿಯೊಳಗಣ ಜನರ ಪರವಾಗಿ ನುಡಿಯಲು ಎದ್ದವರು ನಾರಾಯಣ ಮೇಘಾಜಿ ಲೋಖಂಡೆ. ಮಹಾತ್ಮಾ ಜೋತಿಬಾ ಫುಲೆಯವರ ಸತ್ಯಶೋಧಕ ಸಮಾಜದ ಅನುಯಾಯಿಗಳಾದ ಇವರು ಗಿರಣಿಯಲ್ಲೇ ಗುಮಾಸ್ತೆಯಾಗಿದ್ದು ಅಲ್ಲಿಯ ಬಾಳನ್ನು ಹತ್ತಿರದಿಂದ ಕಂಡವರು. 1880ರಿಂದ ‘ದೀನಬಂಧು’ ಪತ್ರಿಕೆಯನ್ನು ನಡೆಸುತ್ತ ಆ ಬಾಳನ್ನು ಅಕ್ಷರಕ್ಕಿಳಿಸಿದವರು. 1884ರ ಸೆಪ್ಟೆಂಬರಿನಲ್ಲಿ ಅವರು ಕರೆದ ಸಭೆಗಳ ಫಲವಾಗಿ 5,500 ಕೆಲಸಗಾರರ ಒಪ್ಪಿಗೆ ಹೊತ್ತ ಮನವಿಯೊಂದು ಸಿದ್ಧವಾಯಿತು. ಅದರಲ್ಲಿ ಕೇಳಿದುದೇನು? ವಾರಕ್ಕೊಮ್ಮೆ ಭಾನುವಾರ ಬಿಡುವು. ನಡುಹಗಲಿನಲ್ಲಿ ಅರ್ಧ ಗಂಟೆಯ ವಿರಾಮ. ಬೆಳಗಿನ ಆರೂವರೆಗೆ ಮೊದಲಾಗಿ ಸೂರ್ಯಾಸ್ತಕ್ಕೆ ಮುಗಿಯುವ ಕೆಲಸ. ಹಿಂದಿನ ತಿಂಗಳ ಪಗಾರವು ಮುಂದಿನ ತಿಂಗಳ ಹದಿನೈದನೆಯ ತಾರೀಖಿನೊಳಗಾದರೂ ಕೈಸೇರುವುದು. ಯಂತ್ರಕ್ಕೆ ಸಿಕ್ಕಿ ಗಾಯಗೊಂಡವನಿಗೆ ಗುಣವಾಗುವವರೆಗೆ ಕೂಲಿ. ಇಂದು ಓದುವವನಿಗೆ ಈ ಮನವಿಯಲ್ಲಿ ಕಾಣುವುದು ಅದರ ಧೈರ್ಯಕ್ಕಿಂತ ಮಿಗಿಲಾಗಿ ಅದರ ಸಂಕೋಚ. ಹದಿನೈದನೆಯ ತಾರೀಖಿನೊಳಗೆ ಕೊಡಿರೆಂದು ಕೇಳುವವನು ಒಂದನೆಯ ತಾರೀಖಿಗೆ ಕೊಡಿರೆಂದು ಕೇಳುವ ಧಾರ್ಷ್ಟ್ಯವನ್ನು ಇನ್ನೂ ಪಡೆದಿರಲಿಲ್ಲ. ಆರು ವರ್ಷಗಳ ಬಳಿಕ, 1890ರ ಏಪ್ರಿಲ್ 24ರಂದು, ಸುಮಾರು ಹತ್ತು ಸಾವಿರ ಜನ ನೆರೆದ ಮಹಾಸಭೆಯಲ್ಲಿ ಇಬ್ಬರು ಹೆಂಗಸರೂ ಎದ್ದುನಿಂತು ಮಾತನಾಡಿದರು. ಅದೇ ವರ್ಷದ ಜೂನ್ 10ರಂದು ಗಿರಣಿ ಮಾಲೀಕರ ಸಂಘವು ವಾರದ ಬಿಡುವಿಗೆ ಸಮ್ಮತಿಸಿತು. ಮರುವರ್ಷದ ಶಾಸನದಲ್ಲಿ ಹೆಂಗಸರ ದುಡಿಮೆ ಹನ್ನೊಂದು ಗಂಟೆಗೆ ಇಳಿಯಿತು, ಮಕ್ಕಳ ಕನಿಷ್ಠ ವಯಸ್ಸು ಒಂಬತ್ತಕ್ಕೆ ಏರಿತು.

ಲೋಖಂಡೆಯವರ ‘ಮುಂಬಯಿ ಗಿರಣಿ ಕೆಲಸಗಾರರ ಸಂಘ’ವನ್ನು ಭಾರತದ ಮೊದಲ ಕಾರ್ಮಿಕ ಸಂಘವೆಂದು ಬಗೆಯುವ ವಾಡಿಕೆಯುಂಟು. ಆದರೆ ಆ ಕಾಲದ ಸರಕಾರಿ ವರದಿಯೊಂದು ಆ ಸಂಘದ ವಿಷಯದಲ್ಲಿ ಬಿಚ್ಚುಮನಸ್ಸಿನ ಮಾತೊಂದನ್ನು ಬರೆದಿಟ್ಟಿದೆ: ಅದಕ್ಕೆ ಸದಸ್ಯರ ಪಟ್ಟಿಯಿಲ್ಲ, ನಿಧಿಯಿಲ್ಲ, ನಿಯಮಗಳಿಲ್ಲ, ತಮ್ಮ ಬಳಿ ಬಂದ ಕೆಲಸಗಾರನಿಗೆ ಲೋಖಂಡೆಯವರು ಸ್ವಂತ ಇಚ್ಛೆಯಿಂದ ಸಲಹೆ ಕೊಡುತ್ತಾರೆ, ಅಷ್ಟೆ. ಈ ಮಾತಿನಲ್ಲಿ ಅಧಿಕಾರಿಯ ತಾತ್ಸಾರವು ಇಣುಕುವುದಾದರೂ ಸುಳ್ಳಿಲ್ಲ. ಅಂದು ಸಂಘವೆಂದರೆ ಒಬ್ಬ ಮನುಷ್ಯ. ಆ ಮನುಷ್ಯನ ಸೌಜನ್ಯ, ಲೇಖನಿ, ಸರಕಾರದ ಮಟ್ಟದಲ್ಲಿ ಅವನಿಗಿದ್ದ ಮರ್ಯಾದೆ. 1897ರ ಫೆಬ್ರುವರಿಯಲ್ಲಿ, ಮುಂಬಯಿಯನ್ನು ಮುತ್ತಿದ ಪ್ಲೇಗು ಲೋಖಂಡೆಯವರನ್ನು ಬಲಿ ತೆಗೆದುಕೊಂಡಾಗ, ಅವರ ಹಿಂದೆ ಕೃತಜ್ಞರಾದ ಸಹಸ್ರಾರು ಜನ ಉಳಿದರು, ಸಂಘ ಉಳಿಯಲಿಲ್ಲ. ಪಟ್ಟಿ, ನಿಧಿ, ನಿಯಮ ಎಂಬ ಆ ಮೂರು ಶುಷ್ಕ ಶಬ್ದಗಳನ್ನು ವಾಚಕರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದಿನ ಕತೆಯೆಲ್ಲ ಅವುಗಳ ಸುತ್ತಲೇ ತಿರುಗುತ್ತದೆ.

ಲೋಖಂಡೆಯವರ ಅನಂತರದ ಇಪ್ಪತ್ತು ವರ್ಷ ಗಿರಣಿಗಳಲ್ಲಿ ಶಾಂತಿಯಿತ್ತೆಂದು ಭಾವಿಸಬಾರದು. 1905ರ ಸುಮಾರಿಗೆ ವಿದ್ಯುದ್ದೀಪಗಳು ಒಳಹೊಕ್ಕವು. ಅಲ್ಲಿಯವರೆಗೆ ಕತ್ತಲೆಯೊಂದೇ ಕೆಲಸಗಾರನ ಪಾಲಿನ ಕಾನೂನಾಗಿದ್ದು, ಸೂರ್ಯನು ಮುಳುಗಿದನೆಂಬ ನೆಪವಾದರೂ ಅವನನ್ನು ಮನೆಗೆ ಕಳಿಸುತ್ತಿತ್ತು. ದೀಪ ಬಂದ ಮೇಲೆ ಆ ನೆಪವೂ ಕಳೆದು, ಹಲವು ಗಿರಣಿಗಳಲ್ಲಿ ದಿನಕ್ಕೆ ಹದಿನೈದು ಗಂಟೆ ಯಂತ್ರ ತಿರುಗಿತು. 1908ರ ಜುಲೈ 22ರಂದು ಲೋಕಮಾನ್ಯ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾದಾಗ ಮುಂಬಯಿಯ ಗಿರಣಿ ಜನರು ವರ್ಷಕ್ಕೊಂದು ದಿನವೆಂಬಂತೆ ಆರು ದಿನ ಕೆಲಸ ನಿಲ್ಲಿಸಿದರು, ಗೋಲಿಬಾರಿಗೆ ಎದೆಗೊಟ್ಟರು, ದೂರದೇಶದಲ್ಲಿದ್ದ ಲೆನಿನ್ನನ ಲೇಖನಿಯೂ ಅದನ್ನು ಗುರುತಿಸಿತು. ಆದರೆ ಏಳನೆಯ ದಿನ ಅವರು ಮರಳಿ ಒಳಹೊಕ್ಕ ಗಿರಣಿಯಲ್ಲಿ ಗಂಟೆಯೊಂದು ಕಡಿಮೆಯಾಗಿರಲಿಲ್ಲ, ಕಾಸೊಂದು ಹೆಚ್ಚಾಗಿರಲಿಲ್ಲ. ಅವರು ಕೇಳಿದುದೂ ತಮಗಾಗಿ ಏನನ್ನೂ ಅಲ್ಲ. ಮಳೆಗಾಲದ ಹಳ್ಳದಂತೆ ಉಕ್ಕಿ ಬಂದ ಆ ಬಲವನ್ನು ಕಟ್ಟೆ ಕಟ್ಟಿ ನಿಲ್ಲಿಸಿ, ತೂಬಿಟ್ಟು, ಬೇಸಿಗೆಯ ಹೊಲಕ್ಕೆ ಹರಿಸುವ ಕೆಲಸ ಇನ್ನೂ ಆಗಬೇಕಾಗಿತ್ತು.

ಆ ಕಟ್ಟೆಯ ಮೊದಲ ಕಲ್ಲು ಬಿದ್ದುದು ಮದರಾಸಿನಲ್ಲಿ, ಅದೂ ಒಂದು ಭಜನಾ ಮಂದಿರದಲ್ಲಿ. ನಗರದ ಪೆರಂಬೂರು ಭಾಗದಲ್ಲಿ ಬಕಿಂಗ್‌ಹ್ಯಾಮ್, ಕರ್ನಾಟಿಕ್ ಎಂಬ ಎರಡು ದೊಡ್ಡ ಗಿರಣಿಗಳಿದ್ದು, ಎರಡನ್ನೂ ಬಿನ್ನಿ ಕಂಪನಿಯೇ ನಡೆಸುತ್ತಿತ್ತು. ನಮ್ಮ ಬೆಂಗಳೂರಿನವರು ‘ಬಿನ್ನಿಮಿಲ್’ ಎಂದು ಬಾಯ್ತುಂಬ ಕರೆದ ಗಿರಣಿಯ ಆಡಳಿತವೂ ಇದೇ ಕಂಪನಿಯದು. ‘ಕರ್ನಾಟಿಕ್’ ಎಂಬ ಹೆಸರು ಮಾತ್ರ ನಮ್ಮದೆಂದು ತೋರಿದರೂ ನಮ್ಮದಲ್ಲ, ಆಂಗ್ಲರು ಘಟ್ಟದ ಕೆಳಗಿನ ಪೂರ್ವತೀರವನ್ನು ಹಾಗೆ ಕರೆಯುತ್ತಿದ್ದರು. ಗಿರಣಿಯ ನೆರೆಯಲ್ಲಿ ವೆಂಕಟೇಶ ಗುಣಾಮೃತ ವರ್ಷಿಣೀ ಸಭೆಯೆಂಬ ಸತ್ಸಂಗವೊಂದಿತ್ತು. ಹರಿಕಥೆ ಭಜನೆಗಳಿಗೆಂದು ಬರುತ್ತಿದ್ದ ಕೆಲಸಗಾರರು ದೇವರ ಮುಂದೆ ಕುಳಿತ ಸಲಿಗೆಯಲ್ಲಿ ತಮ್ಮ ಗೋಳನ್ನು ತೋಡಿಕೊಳ್ಳತೊಡಗಿದರು. ಕೇಳಿದವರು ಸೆಲ್ವಪತಿ ಚೆಟ್ಟಿಯಾರ್ ಎಂಬ ವರ್ತಕರು ಮತ್ತು ಅವರ ಗೆಳೆಯ ರಾಮಾನುಜುಲು ನಾಯ್ಡು. ಗೋಳುಗಳಲ್ಲಿ ಮೊದಲನೆಯದು ಅನ್ನದ್ದು: ನಡುಹಗಲಿನಲ್ಲಿ ಸಿಗುವ ಅರ್ಧ ಗಂಟೆಯೊಳಗೆ ಸಾವಿರಾರು ಜನ ಹೊರಬಂದು, ಕೈತೊಳೆದು, ಬುತ್ತಿ ಬಿಚ್ಚಿ, ಉಂಡು, ಮತ್ತೆ ಯಂತ್ರದ ಬಳಿ ನಿಲ್ಲಬೇಕು, ನಿಮಿಷ ತಪ್ಪಿದರೆ ಬಾಗಿಲು ಹಾಕಿರುತ್ತಿತ್ತು. ಎರಡನೆಯದು ಮೈಮೇಲೆ ಬೀಳುವ ಮೇಸ್ತ್ರಿಯ ಕೈಯದು.

ಚೆಟ್ಟಿಯಾರರೂ ನಾಯ್ಡುವೂ ನೆರವಿಗಾಗಿ ಹೋದುದು ಬಹಮನ್ ಪೇಸ್ತನಜಿ ವಾಡಿಯಾ ಅವರ ಬಳಿಗೆ. ಮುಂಬಯಿಯ ಪಾರಸಿ, ಥಿಯಸಾಫಿಕಲ್ ಸೊಸೈಟಿಯ ಸಾಧಕ, ಆನಿ ಬೆಸಂಟರ ‘ನ್ಯೂ ಇಂಡಿಯಾ’ ಪತ್ರಿಕೆಯ ಸಹಾಯಕ, ಹೋಮ್‌ರೂಲ್ ಚಳವಳಿಯಲ್ಲಿ ಅವರೊಡನೆ 1917ರಲ್ಲಿ ಬಂಧನದಲ್ಲಿದ್ದವರು, ತಮಿಳು ಬಾರದವರು. ಅವರು ಇಂಗ್ಲಿಷಿನಲ್ಲಿ ನುಡಿದರೆ, ತಮಿಳಿನ ದೊಡ್ಡ ಪಂಡಿತರೂ ಪತ್ರಿಕಾಕರ್ತರೂ ಆದ ತಿರು. ವಿ. ಕಲ್ಯಾಣಸುಂದರಂ ಅದನ್ನು ಜನರ ಮಾತಿಗೆ ತಿರುಗಿಸುವರು. 1918ರ ಏಪ್ರಿಲ್ 27ರಂದು ಮದ್ರಾಸ್ ಲೇಬರ್ ಯೂನಿಯನ್ ಸ್ಥಾಪಿತವಾಯಿತು, ವಾಡಿಯಾ ಅಧ್ಯಕ್ಷರು. ಕ್ರಮಬದ್ಧವಾದ ಭಾರತೀಯ ಕಾರ್ಮಿಕ ಸಂಘಗಳಲ್ಲಿ ಇದೇ ಮೊದಲನೆಯದೆಂದು ಇತಿಹಾಸಕಾರರು ಸಾಮಾನ್ಯವಾಗಿ ಎಣಿಸುತ್ತಾರೆ. ಹಾಗೆ ಎಣಿಸುವುದಕ್ಕೆ ಆಧಾರವೆಂದರೆ ಅಲ್ಲಿ ಹೆಸರುಗಳ ಪಟ್ಟಿಯಿತ್ತು, ತಿಂಗಳು ತಿಂಗಳೂ ಚಂದಾ ಇತ್ತು, ಪದಾಧಿಕಾರಿಗಳೂ ಕಟ್ಟಳೆಗಳೂ ಇದ್ದವು.

ಚಂದಾ ಎಂಬುದು ಹೇಳಿಕೊಳ್ಳುವಂಥ ಮೊತ್ತವಲ್ಲದಿರಬಹುದು. ಆದರೆ ದಾನವನ್ನು ಪಡೆದು ನಡೆಯುವ ಸಂಸ್ಥೆಯಲ್ಲಿ ಕೂಲಿಕಾರನು ಅತಿಥಿ. ತನ್ನ ಕಾಸನ್ನು ಹಾಕಿದ ಸಂಸ್ಥೆಯಲ್ಲಿ ಅವನು ಮನೆಯವನು, ಲೆಕ್ಕ ಕೇಳಬಲ್ಲವನು. ತಿಂಗಳಿಗೊಮ್ಮೆ ಹೆಸರನ್ನು ಕರೆದು, ಹಣವನ್ನೆಣಿಸಿ, ರಸೀದಿಯನ್ನು ಕೊಡುವ ಈ ಸಣ್ಣ ವಿಧಿಯಲ್ಲಿ ಮನವಿಯ ಯುಗ ಮುಗಿದು ಮತ್ತೊಂದು ಯುಗ ತೆರೆಯಿತೆಂದು ನನಗೆ ತೋರುತ್ತದೆ. ವಾಡಿಯಾ ಉಗ್ರವಾದಿಯಲ್ಲ; ಗಿರಣಿಗಳು ಯುದ್ಧದ ಸೈನ್ಯಕ್ಕೆ ಬಟ್ಟೆ ನೆಯ್ಯುತ್ತಿದ್ದುದರಿಂದ ಮುಷ್ಕರ ಬೇಡವೆಂದು ಕೆಲಸಗಾರರನ್ನು ತಡೆದು ನಿಲ್ಲಿಸಿದವರೇ ಅವರು. ಹಾಗಿದ್ದರೂ ಮಾಲೀಕರಿಗೆ ಈ ಸಂಘವು ಸಹ್ಯವಾಗಲಿಲ್ಲ. ಊಟದ ಬಿಡುವಿಗೆ ಕೆಲವು ನಿಮಿಷಗಳನ್ನು ಸೇರಿಸಿಕೊಡಲು ಒಪ್ಪಿದವರು, ಆ ನಿಮಿಷಗಳನ್ನು ಕೇಳಿದುದು ಸಂಘವೆಂಬುದನ್ನು ಒಪ್ಪಲು ಸಿದ್ಧರಿರಲಿಲ್ಲ. ಅದೇ ವರ್ಷದಲ್ಲಿ ಗಿರಣಿಗಳಿಗೆ ಬೀಗಮುದ್ರೆ ಬಿದ್ದಿತು. ಕೊಡುವುದು ಕಷ್ಟವಲ್ಲ, ಕೇಳಿಸಿಕೊಂಡು ಕೊಡುವುದು ಕಷ್ಟ.

ಇದೇ 1918ರಲ್ಲಿ ಅಹಮದಾಬಾದಿನಲ್ಲಿ ಬೇರೊಂದು ದಾರಿ ತೆರೆಯಿತು. ಪ್ಲೇಗಿನ ಕಾಲದಲ್ಲಿ ಜನ ಊರು ಬಿಟ್ಟು ಓಡದಿರಲೆಂದು ಕೊಡುತ್ತಿದ್ದ ವಿಶೇಷ ಭತ್ಯವನ್ನು ಮಾಲೀಕರು ನಿಲ್ಲಿಸಲು ಹೊರಟಾಗ, ಶೇಕಡ 35ರ ಹೆಚ್ಚಳವನ್ನು ನ್ಯಾಯವಾದುದೆಂದು ಗಣಿಸಿ ಗಾಂಧೀಜಿ ಕೆಲಸಗಾರರ ಪಕ್ಕದಲ್ಲಿ ನಿಂತರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕೆಲಸಗಾರರ ಪರ ನಿಂತ ಅನಸೂಯಾ ಸಾರಾಭಾಯಿ ಅವರ ಒಡಹುಟ್ಟಿದ ಅಕ್ಕ. ಮುಷ್ಕರದವರ ಧೈರ್ಯವು ಕುಗ್ಗತೊಡಗಿದಾಗ ಗಾಂಧೀಜಿ ಮಾರ್ಚ್ 15ರಂದು ಉಪವಾಸ ಹಿಡಿದರು. ಮೂರು ದಿನದಲ್ಲಿ ವಿವಾದವು ಪಂಚಾಯತಿಗೆ ಒಪ್ಪಿತವಾಗಿ, ಮುಂದೆ ಆನಂದಶಂಕರ ಧ್ರುವರ ತೀರ್ಪು ಶೇಕಡ 35ನ್ನೇ ಎತ್ತಿಹಿಡಿಯಿತು. ಈ ಅನುಭವದ ಮೇಲೆ 1920ರಲ್ಲಿ ಕಟ್ಟಿದ ಸಂಘಕ್ಕೆ ‘ಮಜೂರ್ ಮಹಾಜನ’ ಎಂದು ಹೆಸರಿಟ್ಟರು. ಮಹಾಜನವೆಂಬುದು ಗುಜರಾತಿನಲ್ಲಿ ಅದುವರೆಗೆ ವರ್ತಕರ ಶ್ರೇಣಿಗೆ ಸಲ್ಲುತ್ತಿದ್ದ ಮಾತು. ಮಗ್ಗದ ಒಡೆಯರಿಗಷ್ಟೇ ಇದ್ದ ಹಳೆಯ ಶ್ರೇಣಿಯ ಮರ್ಯಾದೆಯನ್ನು, ಮಗ್ಗವಿಲ್ಲದ ಕೂಲಿಯ ಹೆಗಲಿಗೆ ಹೊದೆಸಿದ ಆ ನಾಮಕರಣದಲ್ಲಿ ದೇಶೀಯವಾದ ಒಂದು ಔಚಿತ್ಯವಿದೆ.

ಮಹಾಯುದ್ಧವು ಮುಗಿದಿತ್ತು, ಧಾನ್ಯದ ಬೆಲೆ ಏರಿ, ಕೂಲಿ ನಿಂತಲ್ಲೇ ನಿಂತು, ಗಿರಣಿಗಳ ಲಾಭ ಮಾತ್ರ ಎಲ್ಲರ ಕಣ್ಣಿಗೆ ಕಾಣುವಂತೆ ಬೆಳೆದಿತ್ತು. 1919ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನಕ್ಕೆ ಭಾರತದ ದುಡಿಯುವ ಜನರ ಪ್ರತಿನಿಧಿಯಾಗಿ ಎನ್. ಎಂ. ಜೋಶಿಯವರು ಹೋಗಿಬಂದರು, ಎಂಟು ಗಂಟೆಯ ದಿನವನ್ನು ವಿಧಿಸಿದ ಆ ಸಮ್ಮೇಳನ ಭಾರತಕ್ಕೆ ವಾರಕ್ಕೆ 60 ಗಂಟೆಯ ಪ್ರತ್ಯೇಕ ಅಳತೆಯನ್ನು ಹಾಕಿಕೊಟ್ಟಿತು, 1922ರ ಶಾಸನದಲ್ಲಿ ಅದು ಜಾರಿಗೆ ಬಂದಿತು. 1920ರ ಅಕ್ಟೋಬರ್ 31ರಂದು ಮುಂಬಯಿಯಲ್ಲಿ ಲಾಲಾ ಲಜಪತರಾಯರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸು ಜನ್ಮ ತಾಳಿತು. ಊರೂರಿನ ಸಂಘಗಳು ಒಂದು ಚಾವಡಿಯಲ್ಲಿ ಕೂಡಿದ ಆ ಸಂಭ್ರಮ ಮುಗಿಯುವುದರೊಳಗೆ ಪೆರಂಬೂರಿನಿಂದ ಕೆಟ್ಟ ಸುದ್ದಿ ಬಂದಿತು.

ಅಲ್ಲಿ ಅಕ್ಟೋಬರಿನಿಂದ ಕೆಲಸ ನಿಂತಿತ್ತು. ಡಿಸೆಂಬರ್ 9ರಂದು ಗಿರಣಿಯ ಬಳಿ ಪೊಲೀಸರ ಗುಂಡಿಗೆ ಇಬ್ಬರು ಕೆಲಸಗಾರರು ಬಲಿಯಾದರು. ಆದರೆ ಸಂಘದ ಬೆನ್ನೆಲುಬನ್ನು ಮುರಿದುದು ಬಂದೂಕಿಗಿಂತ ಹೆಚ್ಚಾಗಿ ಒಂದು ಹಾಳೆಯ ಕಾಗದ. ಬಿನ್ನಿ ಕಂಪನಿಯು ವಾಡಿಯಾ ಮತ್ತಿತರರ ಮೇಲೆ ಮದರಾಸಿನ ಹೈಕೋರ್ಟಿನಲ್ಲಿ ದಾವೆ ಹೂಡಿ, ಕೆಲಸಗಾರರು ಕರಾರು ಮುರಿಯುವಂತೆ ಇವರು ಪ್ರೇರೇಪಿಸಿದ್ದರಿಂದ ತನಗಾದ ನಷ್ಟವನ್ನು ಕಟ್ಟಿಸಿಕೊಡಬೇಕೆಂದು ಕೇಳಿತು. ನ್ಯಾಯಾಲಯವು ತಡೆಯಾಜ್ಞೆಯನ್ನು ಹೊರಡಿಸಿತು. ಇದರ ಮರ್ಮವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಬ್ಬನು ಮಾಡಿಕೊಂಡ ಕರಾರನ್ನು ಮುರಿಯುವಂತೆ ಮತ್ತೊಬ್ಬನು ಪ್ರೇರೇಪಿಸುವುದು ಇಂಗ್ಲೆಂಡಿನ ಹಳೆಯ ರೂಢಿಗತ ನ್ಯಾಯದಲ್ಲಿ ನಷ್ಟ ಪರಿಹಾರಕ್ಕೆ ಗುರಿಯಾಗುವ ತಪ್ಪು. ಮುಷ್ಕರದ ಕರೆಯೆಂಬುದೇ ಅಂಥ ಪ್ರೇರಣೆ. ಟ್ಯಾಫ್ ವೇಲ್ ರೈಲ್ವೆಯ ಮೊಕದ್ದಮೆಯಲ್ಲಿ 1901ರಲ್ಲಿ ಆಂಗ್ಲ ಕಾರ್ಮಿಕರಿಗೂ ಈ ಏಟು ಬಿದ್ದಿತ್ತು. ಅವರಿಗೆ ಮತವಿತ್ತಾದ್ದರಿಂದ ಐದೇ ವರ್ಷದಲ್ಲಿ, 1906ರಲ್ಲಿ, ಪಾರ್ಲಿಮೆಂಟಿನಿಂದ ರಕ್ಷಣೆಯ ಶಾಸನವನ್ನು ಪಡೆದುಕೊಂಡರು. ಭಾರತಕ್ಕೆ ಆ ಹಳೆಯ ರೂಢಿಯು ಬಂದಿತ್ತು, ಅದನ್ನು ತಿದ್ದಿದ ಹೊಸ ಶಾಸನ ಬಂದಿರಲಿಲ್ಲ. ರೋಗವನ್ನು ಹಡಗಿನಲ್ಲಿ ತಂದವರು ಔಷಧವನ್ನು ದಡದಲ್ಲೇ ಬಿಟ್ಟುಬಂದಂತೆ ಆಗಿತ್ತು. ಕೊನೆಗೆ ವಾಡಿಯಾ ಕಾರ್ಮಿಕರ ಕೆಲಸದಿಂದ ಹಿಂದೆ ಸರಿಯುವುದೆಂಬ ಒಪ್ಪಂದದ ಮೇಲೆ ದಾವೆಯು ನಿಂತಿತು.

1921ರಲ್ಲಿ ಅದೇ ಗಿರಣಿಗಳಲ್ಲಿ ಮತ್ತೊಂದು ಮುಷ್ಕರವೆದ್ದು ತಿಂಗಳುಗಟ್ಟಲೆ ನಡೆದು ಸೋತಿತು. ಆ ಸೋಲಿನ ಕಾರಣವನ್ನು ಹೇಳದೆ ಮುಂದೆ ಹೋಗುವುದು ಇತಿಹಾಸಕ್ಕೆ ಮಾಡುವ ಅಪಚಾರ. ಸವರ್ಣ ಹಿಂದೂಗಳೂ ಮುಸಲ್ಮಾನರೂ ಹೊರಗೆ ಉಳಿದಾಗ, ಒಂದು ತಿಂಗಳ ಕೂಲಿ ತಪ್ಪಿದರೂ ಉಪವಾಸ ಬೀಳುವ, ಅಸ್ಪೃಶ್ಯರೆನಿಸಿದ್ದ ಆದಿದ್ರಾವಿಡರು ಕೆಲಸಕ್ಕೆ ಹಿಂದಿರುಗಿದರು. ಪುಳಿಯಂತೋಪಿನಲ್ಲಿದ್ದ ಅವರ ಗುಡಿಸಲುಗಳಿಗೆ ಬೆಂಕಿ ಬಿದ್ದಿತು, ರಕ್ತ ಹರಿಯಿತು. ಇದು ಮಾಲೀಕರ ಭೇದನೀತಿಯೆಂದು ಸಂಘದವರು ದೂರಿದರು. ಭೇದಿಸುವವನು ಹೊರಗಿನವನೇ ಆಗಿರಲಿ, ಬಿರುಕು ಒಳಗಿತ್ತು. ಊರಿನಲ್ಲಿ ಕೇರಿಯಾಚೆ ನಿಲ್ಲಿಸಿದವನನ್ನು ಮುಷ್ಕರದ ಬೆಳಗ್ಗೆ ಮಾತ್ರ ಅಣ್ಣನೆಂದು ಕರೆದರೆ ಅವನು ಓಗೊಡದಿರುವುದಕ್ಕೆ ಆಶ್ಚರ್ಯಪಡುವ ಹಕ್ಕು ಕರೆದವರಿಗಿಲ್ಲ.

ಪೆರಂಬೂರಿನ ತಡೆಯಾಜ್ಞೆಯು ಒಂದು ಉಪಕಾರವನ್ನು ಮಾಡಿತು: ಕಾನೂನಿನ ನೆರಳಿಲ್ಲದೆ ಯಾವ ಸಂಘವೂ ಬದುಕಲಾರದೆಂಬುದನ್ನು ಅದು ಎಲ್ಲರಿಗೂ ತಿಳಿಸಿಕೊಟ್ಟಿತು. 1921ರ ಮಾರ್ಚಿನಲ್ಲಿಯೇ ಜೋಶಿಯವರು ಕೇಂದ್ರ ಶಾಸನಸಭೆಯಲ್ಲಿ ಸಂಘಗಳ ನೋಂದಣಿಗೂ ರಕ್ಷಣೆಗೂ ಕಾನೂನು ಬೇಕೆಂಬ ನಿರ್ಣಯವನ್ನು ಮಂಡಿಸಿದರು. ಗೋಖಲೆಯವರ ಭಾರತ ಸೇವಕ ಸಮಾಜದಲ್ಲಿ ಪಳಗಿದ ಈ ಮಿತಭಾಷಿಗೆ ಆವೇಶಕ್ಕಿಂತ ಅಂಕಿ ಅಂಶಗಳಲ್ಲಿ ನಂಬಿಕೆ. ಸರಕಾರವು ಅಭಿಪ್ರಾಯಗಳನ್ನು ಕೇಳುತ್ತ, ಕರಡುಗಳನ್ನು ತಿದ್ದುತ್ತ ಐದು ವರ್ಷಗಳನ್ನು ಕಳೆದು, 1926ರಲ್ಲಿ ಟ್ರೇಡ್ ಯೂನಿಯನ್ ಶಾಸನವನ್ನು ಅಂಗೀಕರಿಸಿತು. ಅದು ಜಾರಿಗೆ ಬಂದುದು 1927ರ ಜೂನ್ 1ರಂದು. ಅದರಂತೆ ಏಳು ಜನ ಕೂಡಿ ಅರ್ಜಿ ಹಾಕಿದರೆ ಸಂಘವನ್ನು ನೋಂದಾಯಿಸಬಹುದಾಗಿತ್ತು. ನೋಂದಾಯಿತ ಸಂಘವು ಕಾನೂನಿನ ಕಣ್ಣಿಗೆ ಒಂದು ವ್ಯಕ್ತಿಯಾಯಿತು. ಕೆಲಸ ನಿಲ್ಲಿಸುವ ಒಡಂಬಡಿಕೆಯನ್ನು ಒಳಸಂಚೆಂದು ಕರೆಯುವಂತಿರಲಿಲ್ಲ. ಕೈಗಾರಿಕಾ ವಿವಾದದಲ್ಲಿ ಕರಾರು ಮುರಿಯಲು ಪ್ರೇರೇಪಿಸಿದರೆಂಬ ಒಂದೇ ಕಾರಣಕ್ಕೆ ಸಂಘದ ಮೇಲೆ ದಾವೆ ನಡೆಯುವಂತಿರಲಿಲ್ಲ. ಪೆರಂಬೂರಿನಲ್ಲಿ ವಾಡಿಯಾರನ್ನು ಕಟ್ಟಿಹಾಕಿದ ಹಗ್ಗವನ್ನು ಈ ಕೊನೆಯ ಮಾತು ಕತ್ತರಿಸಿತು. ಇದಕ್ಕೆ ಪ್ರತಿಯಾಗಿ ಸಂಘದಿಂದ ಶಾಸನವು ಬಯಸಿದುದೇನೆಂದರೆ ಬರೆದಿಟ್ಟ ನಿಯಮಗಳು, ಸದಸ್ಯರ ಪಟ್ಟಿ, ಇಂತಿಂಥ ಉದ್ದೇಶಕ್ಕೆ ಮಾತ್ರ ವ್ಯಯವಾಗತಕ್ಕ ನಿಧಿ, ಅದರ ಪರಿಶೋಧಿತ ಲೆಕ್ಕ. ಮೂವತ್ತು ವರ್ಷಗಳ ಹಿಂದೆ ಲೋಖಂಡೆಯವರಲ್ಲಿ ಇಲ್ಲವೆಂದು ಅಧಿಕಾರಿ ಬರೆದ ಮೂರು ವಸ್ತುಗಳೇ ಈಗ ಹಕ್ಕಿನ ಬೆಲೆಯಾಗಿ ನಿಂತವು. ಪದಾಧಿಕಾರಿಗಳಲ್ಲಿ ಅರ್ಧದಷ್ಟಾದರೂ ಅದೇ ಉದ್ಯೋಗದಲ್ಲಿ ದುಡಿಯುವವರಾಗಿರಬೇಕೆಂಬ ನಿಬಂಧನೆಯನ್ನೂ ಶಾಸನವು ಸೇರಿಸಿತು. ವಕೀಲರೂ ಪತ್ರಿಕಾಕರ್ತರೂ ತತ್ತ್ವಜ್ಞಾನಿಗಳೂ ಹೆಗಲಮೇಲೆ ಹೊತ್ತು ನಡೆಸಿದ ಶಿಶುವು ತಾನೇ ಕಾಲೂರಿ ನಿಲ್ಲಲೆಂಬ ಅಪೇಕ್ಷೆ ಅದರಲ್ಲಿ ಕಾಣುತ್ತದೆ.

ಹೊಸ ನೆಲೆಯ ಬಲವು ಬೇಗನೆ ಪರೀಕ್ಷೆಗೆ ಬಂದಿತು. 1928ರ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಮುಂಬಯಿಯ ಸುಮಾರು ಒಂದೂವರೆ ಲಕ್ಷ ಗಿರಣಿ ಕೆಲಸಗಾರರು ಹೊರಗೆ ನಿಂತರು. ಆರು ದಿನದ 1908ಕ್ಕೂ ಆರು ತಿಂಗಳ 1928ಕ್ಕೂ ನಡುವಣ ಅಂತರವೇ ಪಟ್ಟಿ, ನಿಧಿ, ನಿಯಮಗಳ ಅಳತೆ. ಆ ಹೋರಾಟದಲ್ಲಿ ಹುಟ್ಟಿದ ಗಿರಣಿ ಕಾಮಗಾರ ಯೂನಿಯನ್ ವರ್ಷಾಂತ್ಯದೊಳಗೆ ಐವತ್ತು ಸಾವಿರಕ್ಕೂ ಮಿಕ್ಕ ಸದಸ್ಯರನ್ನು ಪಡೆಯಿತು. ಮರುವರ್ಷದ ಮಾರ್ಚಿನಲ್ಲಿ ಸರಕಾರದ ವಿರುದ್ಧ ಒಳಸಂಚೆಂಬ ಮೀರತ್ ಮೊಕದ್ದಮೆಯ ಹೆಸರಿನಲ್ಲಿ ಅದರ ಮುಂದಾಳುಗಳು ಸೆರೆ ಸೇರಿದರು. ಆದರೆ ಅದೇ ಮುಷ್ಕರದ ಕಾಲದಲ್ಲಿ ಡಾಕ್ಟರ್ ಅಂಬೇಡ್ಕರರು ಎತ್ತಿದ ಪ್ರಶ್ನೆಯೊಂದು ಜೈಲಿಗಿಂತ ಗಟ್ಟಿಯಾದ ಗೋಡೆಯನ್ನು ತೋರಿಸಿತು. ಹೆಚ್ಚಿನ ಕೂಲಿ ದೊರೆಯುವ ನೆಯ್ಗೆಯ ವಿಭಾಗಕ್ಕೆ ಅಸ್ಪೃಶ್ಯರಿಗೆ ಪ್ರವೇಶವಿರಲಿಲ್ಲ. ಲಾಳಿಯ ಕಣ್ಣಿಗೆ ಎಳೆಯನ್ನು ಬಾಯಿಂದ ಹೀರಿ ಪೋಣಿಸಬೇಕಾಗಿದ್ದುದರಿಂದ, ಇವರ ಎಂಜಲು ತಾಗಿದ ಲಾಳಿಯನ್ನು ತಾವು ಮುಟ್ಟುವುದಿಲ್ಲವೆಂದು ಸವರ್ಣ ನೇಕಾರರು ಹಟ ಹಿಡಿದಿದ್ದರು. ಇದನ್ನು ತೆಗೆದುಹಾಕದಿದ್ದರೆ ತಮ್ಮ ಜನ ಮುಷ್ಕರದಲ್ಲಿ ಸೇರಬೇಕಾದುದೇಕೆಂದು ಅಂಬೇಡ್ಕರರು ಕೇಳಿದಾಗ, ಮುಂದಾಳುಗಳು ಆ ಹಕ್ಕನ್ನು ಬೇಡಿಕೆಗಳಲ್ಲಿ ಒಲ್ಲದ ಮನಸ್ಸಿನಿಂದ ಸೇರಿಸಿಕೊಂಡರು. ಮಾಲೀಕನ ಮುಂದೆ ಹಕ್ಕಿನ ಮಾತನಾಡಿದ ಬಾಯಿಯೇ ಪಕ್ಕದ ಯಂತ್ರದವನ ಮುಂದೆ ದಾತನ ಬಾಯಿಯಾಯಿತು.

ನಮ್ಮ ಮೈಸೂರು ಸಂಸ್ಥಾನಕ್ಕೆ 1926ರ ಶಾಸನವು ಅನ್ವಯಿಸುತ್ತಿರಲಿಲ್ಲ. ಬೆಂಗಳೂರಿನ ಗಿರಣಿಗಳಲ್ಲಿಯೂ ಕೋಲಾರದ ಚಿನ್ನದ ಗಣಿಗಳಲ್ಲಿಯೂ ಸಹಸ್ರಾವಧಿ ಜನ ದುಡಿಯುತ್ತಿದ್ದರೂ ಅವರ ಸಂಘಕ್ಕೆ ಕಾನೂನಿನ ಮನ್ನಣೆ ದೊರೆತುದು 1940ರ ದಶಕದ ಆರಂಭದಲ್ಲಿ ಮೈಸೂರು ಸರಕಾರವು ತನ್ನದೇ ಕಾರ್ಮಿಕ ಶಾಸನವನ್ನು ತಂದ ಬಳಿಕ. ಅದಕ್ಕೆ ಹತ್ತು ವರ್ಷ ಮುನ್ನ, 1930ರಲ್ಲಿ, ಕೋಲಾರದ ಗಣಿಗಳಲ್ಲಿ ನಡೆದ ಮುಷ್ಕರವನ್ನು ಇಲ್ಲಿ ನೆನೆಯಬೇಕು. ಕೂಲಿಕಾರರೆಲ್ಲರ ಬೆರಳಚ್ಚನ್ನು ತೆಗೆದು ದಾಖಲೆಯಲ್ಲಿ ಸೇರಿಸಬೇಕೆಂಬ ಏರ್ಪಾಟು ಹೊರಟಾಗ, ನೆಲದಡಿಯಲ್ಲಿ ಸಾವಿರಾರು ಅಡಿ ಇಳಿದು ಕಲ್ಲೊಡೆಯುವ ಆ ಜನ, ತಾವು ಅಪರಾಧಿಗಳಲ್ಲವೆಂದು ಕೆಲಸ ನಿಲ್ಲಿಸಿದರು, ಏರ್ಪಾಟನ್ನು ಕೈಬಿಡಬೇಕಾಯಿತು. ಕೂಲಿಯ ಕಾಸಿಗಲ್ಲದೆ ಮಾನಕ್ಕಾಗಿ ಎದ್ದ ಆ ಮುಷ್ಕರದಲ್ಲಿ, ತನ್ನ ಹೆಸರು ಯಾರ ಪಟ್ಟಿಯಲ್ಲಿ, ಯಾವ ಕಾರಣಕ್ಕೆ ಏರಬೇಕೆಂಬುದನ್ನು ತಾನೇ ನಿರ್ಧರಿಸುವ ಸ್ವಾಭಿಮಾನವು ಅಕ್ಷರವರಿಯದ ಗಣಿಗಾರನಿಗೂ ಇತ್ತೆಂಬುದು ಸ್ಪಷ್ಟವಾಯಿತು.

ಪಟ್ಟಿ, ನಿಧಿ, ನಿಯಮ ಈ ಮೂರನ್ನೂ ಕಾನೂನು ಕಲಿಸಿಕೊಡಬಲ್ಲದು. ಪಟ್ಟಿಯಲ್ಲಿ ಯಾರ ಹೆಸರು ಯಾರ ಪಕ್ಕದಲ್ಲಿ ಕೂಡುವುದೆಂಬುದನ್ನು ಕಲಿಸಿಕೊಡಲಾರದು. ಪುಳಿಯಂತೋಪಿನಲ್ಲೂ ಮುಂಬಯಿಯ ನೆಯ್ಗೆಮನೆಯಲ್ಲೂ ನಮ್ಮ ಸಂಘಗಳು ಎಡವಿದುದು ಈ ನಾಲ್ಕನೆಯ ಪಾಠದಲ್ಲಿ. ಆದುದರಿಂದ ಸಂಘವೊಂದರ ಬಲವನ್ನು ಅರಿಯಬಯಸುವವರು ಮುಷ್ಕರದ ದಿನ ಬೀದಿಯಲ್ಲಿ ನೆರೆದ ತಲೆಗಳನ್ನು ಎಣಿಸಿ ಹಿಂದಿರುಗದೆ, ಮುಷ್ಕರ ಮುಗಿದ ಮರುತಿಂಗಳು ಅದರ ಚಂದಾ ಪುಸ್ತಕವನ್ನು ತರಿಸಿ ನೋಡಲಿ. ಅದರಲ್ಲಿರುವ ಹೆಸರುಗಳನ್ನು ಓದಿದ ಮೇಲೆ, ಇರಬೇಕಾಗಿದ್ದು ಇಲ್ಲದ ಹೆಸರುಗಳು ಯಾರವೆಂದು ವಿಚಾರಿಸಲಿ.